ವಿಮಾನಕ್ಕೆ ಹೊಲಿದ ರವಿಕೆ

ನಾಗಪುರದ ಧರಮಪೇಠದಲ್ಲಿ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ಎರಡು ಹೊಲಿಗೆ ಯಂತ್ರ, ಬಟ್ಟೆ ಕತ್ತರಿಸಲು ಒಂದು ಉದ್ದನೆಯ ಮೇಜು, ಮೂಲೆಯಲ್ಲಿ ಹಾಕಿಕೊಂಡು ನೋಡಲು ಪರದೆ ಕಟ್ಟಿದ ಜಾಗ. ನಮ್ಮ ಮನೆಯವರಿಗೆ ರೈಲ್ವೆಯಲ್ಲಿ ಕೆಲಸ. ಹುಬ್ಬಳ್ಳಿಯಿಂದ ನಾಗಪುರಕ್ಕೆ ವರ್ಗವಾದಾಗ ಎರಡು ವರ್ಷ ಇದ್ದು ವಾಪಸ್ ಹೋದರಾಯಿತು ಎಂದುಕೊಂಡು ಬಂದಿದ್ದೆವು. ಆ ಎರಡು ವರ್ಷ ಇನ್ನೂ ಮುಗಿದಿಲ್ಲ.

ಹೊಲಿಗೆಯವಳಿಗೆ ಓಣಿಯ ಹೆಂಗಸರ ಎಷ್ಟೋ ಗುಟ್ಟುಗಳು ತಾವಾಗಿ ಗೊತ್ತಾಗುತ್ತವೆ. ಯಾರ ಒಂದು ಭುಜ ಇಳಿದಿದೆ, ಯಾರು ದಪ್ಪಗಾದದ್ದನ್ನು ಒಪ್ಪಿಕೊಳ್ಳುವುದಿಲ್ಲ, ಯಾರಿಗೆ ಮೂರನೇ ತಿಂಗಳು, ಎಲ್ಲ ಅಳತೆಯ ಪಟ್ಟಿ ಹೇಳಿಬಿಡುತ್ತದೆ. ಅಳತೆಯನ್ನು ವಹಿಯಲ್ಲಿ ಬರೆದುಕೊಂಡ ಮೇಲೆ ಆ ಮೈಯನ್ನು ಮರೆಯುವುದೂ ಈ ಕೆಲಸದ ಒಂದು ಭಾಗ. ಇದನ್ನು ನನಗೆ ಯಾರೂ ಹೇಳಿಕೊಡಲಿಲ್ಲ. ಮಾತಾಡಿದರೆ ಗಿರಾಕಿ ಬರುವುದಿಲ್ಲ ಎಂಬ ಹೆದರಿಕೆಯೇ ಕಲಿಸಿತು.

ನಾನು ಇಲ್ಲಿ ಹೇಳಹೊರಟಿರುವವರನ್ನು ನಾವೆಲ್ಲ ಟಿ.ಸಿ. ಅಕ್ಕಾರು ಎಂದೇ ಕರೆಯುತ್ತೇವೆ. ಗದಗಿನ ಕಡೆಯವರು. ರೈಲಿನಲ್ಲಿ ಟಿಕೆಟ್ ನೋಡುವ ನೌಕರಿ ಮಾಡಿ ನಾಗಪುರದಲ್ಲೇ ನಿವೃತ್ತರಾದವರು. ಎತ್ತರದ ಆಳು, ಅದಕ್ಕೆ ತಕ್ಕ ದನಿ. ಅವರು ಅಂಗಡಿಗೆ ಬಂದು ಎದುರಿಗೆ ನಿಂತರೆ ನನಗೆ ಈಗಲೂ ಕೈ ತಾನಾಗಿ ಪರ್ಸಿನ ಕಡೆ ಹೋಗುತ್ತದೆ, ಟಿಕೆಟ್ ತೋರಿಸಲು.

ನಾಲ್ಕು ವರ್ಷದ ಹಿಂದೆ ಒಂದು ಮಧ್ಯಾಹ್ನ ಅವರು ಬಂದು, ಬಾಗಿಲು ಹಾಕು ಎಂದರು. ಹಾಕಿದೆ. ಪರದೆಯ ಹಿಂದೆ ಹೋಗಿ ಸೆರಗು ಸರಿಸಿ ತೋರಿಸಿದರು. ಕ್ಯಾನ್ಸರಿನ ಗಡ್ಡೆಯೆಂದು ಎಡಗಡೆಯ ಸ್ತನವನ್ನು ಪೂರ್ತಿ ತೆಗೆದಿದ್ದರು. ಗಾಯ ಮಾಯ್ದಿತ್ತು.

"ಡಾಕ್ಟರು ಎಲ್ಲಾ ಚಲೋ ಆಗೇತಿ ಅಂದಾರ. ಆದ್ರ ಯಾವ ಜಂಪರೂ ಸರಿ ಕೂಡವಲ್ದು," ಎಂದರು. "ಪ್ಯಾಟ್ಯಾಗ ಸಿಗೂದು ಒಂದು ತಂದಿದ್ದೆ. ರಬ್ಬರಿನಂಥಾದ್ದು. ಈ ಊರ ಬಿಸಿಲಿಗೆ ಅದರ ಕೆಳಗ ಬೆವತು ಬೆವತು ಸಾಕಾತು. ನೀ ಏನರ ಮಾಡಿ ಕೊಡವಾ."

ಈ ಸಂಗತಿ ಗೊತ್ತಿದ್ದದ್ದು ಅವರ ಗಂಡನಿಗೆ, ಡಾಕ್ಟರಿಗೆ, ಆ ದಿನದಿಂದ ನನಗೆ. ಉಳಿದವರಿಗೆಲ್ಲ ಪಿತ್ತಕೋಶದ ಕಲ್ಲಿನ ಆಪರೇಷನ್ ಎಂದು ಹೇಳಿದ್ದರು. ಬೆಂಗಳೂರಿನಲ್ಲಿದ್ದ ಸ್ವಂತ ತಂಗಿಗೂ ಅಷ್ಟೇ.

ರವಿಕೆಯ ಒಳಗೆ ಒಂದು ಜೇಬು ಹೊಲಿದು, ಅದರಲ್ಲಿ ಕೂರುವಂತೆ ಹತ್ತಿಯ ಪುಟ್ಟ ದಿಂಬು ಮಾಡಿದೆ. ನೋಡಲು ಸರಿಯಾಗಿತ್ತು, ಆದರೆ ಹತ್ತಿಗೆ ಭಾರವಿಲ್ಲ. ಮಧ್ಯಾಹ್ನದ ಹೊತ್ತಿಗೆ ದಿಂಬು ಮೇಲೇರಿ ಹೆಗಲ ಹತ್ತಿರ ಬರುತ್ತಿತ್ತು. ಭಾರಕ್ಕೆಂದು ಒಳಗೆ ಸಾಸಿವೆ ತುಂಬಿದೆ. ಬೇಸಿಗೆ ಕಳೆಯಿತು, ಮಳೆಗಾಲ ಬಂತು. ತೊಳೆದು ಒಣಹಾಕಿದ ದಿಂಬು ಮೂರು ದಿನವಾದರೂ ಒಣಗಲಿಲ್ಲ. ನಾಲ್ಕನೆಯ ದಿನ ಅಕ್ಕಾರು ಅದನ್ನು ತಂದು ನನ್ನ ಮೇಜಿನ ಮೇಲೆ ಇಟ್ಟರು. ಹೊಲಿಗೆಯ ಸಂದಿನಿಂದ ಬಿಳಿ ಮೊಳಕೆಗಳು ಇಣುಕುತ್ತಿದ್ದವು.

"ಏನವಾ, ನನ್ನ ಎದಿ ಮ್ಯಾಲ ಸಾಸ್ವಿ ಬೆಳಿ ತಗೀಬೇಕಂತ ಮಾಡೀಯೇನ?"

ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಆಮೇಲೆ ನಾನು ಸೀತಾಬರ್ಡಿಯ ಪೇಟೆಗೆ ಹೋಗಿ, ಕಿಟಕಿಯ ಪರದೆ ಗಾಳಿಗೆ ಹಾರದಂತೆ ಅಂಚಿನೊಳಗೆ ಹೊಲಿಯುವ ಉಕ್ಕಿನ ಸಣ್ಣ ಬಿಲ್ಲೆಗಳನ್ನು ತಂದೆ. ಬಟ್ಟೆಯಲ್ಲಿ ಸುತ್ತಿ ದಿಂಬಿನ ತಳಕ್ಕೆ ಹೊಲಿದೆ. ಮೊಳಕೆಯೊಡೆಯುವ ಭಯವಿಲ್ಲ, ತೊಳೆದರೆ ಬೇಗ ಒಣಗುತ್ತದೆ, ಅಲುಗಾಡುವುದಿಲ್ಲ. ನನ್ನ ಜಾಣತನಕ್ಕೆ ನಾನೇ ಬೀಗಿದೆ. ಎರಡು ವರ್ಷಕ್ಕೂ ಹೆಚ್ಚು ಕಾಲ ಅಕ್ಕಾರು ಅದನ್ನು ಹಾಕಿಕೊಂಡೇ ತಿರುಗಾಡಿದರು.

ಹೋದ ವರ್ಷ ಬೇಸಿಗೆಯಲ್ಲಿ ಅವರ ತಂಗಿಯ ಮನೆಯ ಗೃಹಪ್ರವೇಶ ಬಂತು. ತಂಗಿಯೇ ವಿಮಾನದ ಟಿಕೆಟ್ ಕಳಿಸಿದ್ದರು. ಆಯುಷ್ಯವೆಲ್ಲ ರೈಲಿನಲ್ಲಿ ಕಳೆದ ಅಕ್ಕಾರಿಗೆ ಅದು ಮೊದಲ ವಿಮಾನ. ಹೊಸ ಸೀರೆ, ನಾನು ಹೊಲಿದ ಹೊಸ ರವಿಕೆ, ಡಬ್ಬಿಯ ತುಂಬ ಕಿತ್ತಳೆಯ ಸಂತ್ರಾ ಬರ್ಫಿ ಇಟ್ಟುಕೊಂಡು ಬೆಳಿಗ್ಗೆ ಹೊರಟವರು, ಹನ್ನೊಂದರ ಹೊತ್ತಿಗೆ ಸೂಟ್‌ಕೇಸ್ ಸಮೇತ ಆಟೊದಿಂದ ನನ್ನ ಅಂಗಡಿಯ ಮುಂದೆ ಇಳಿದರು.

"ಯಾಕ್ರೀ ಅಕ್ಕಾರ? ವಿಮಾನ ತಪ್ಪಿತೇನ್ರಿ?"

"ಕೂಗಿತು," ಎಂದರು.

"ಯಾರು ಕೂಗಿದ್ರು?"

"ನೀ ಹೊಲದದ್ದು ಕೂಗಿತು!"

ಕೂಡಿಸಿ ನೀರು ಕೊಟ್ಟ ಮೇಲೆ ಹೇಳಿದರು. ಭದ್ರತಾ ತಪಾಸಣೆಯಲ್ಲಿ ಹೆಂಗಸರನ್ನು ಪರದೆಯ ಒಳಗೆ ಕರೆದು ನೋಡುತ್ತಾರೆ. ಅಲ್ಲಿದ್ದ ಸಮವಸ್ತ್ರದ ಹೆಣ್ಣುಮಗಳು ಕೈಯಲ್ಲಿ ಹಿಡಿದ ಯಂತ್ರವನ್ನು ಮೈಸುತ್ತ ಆಡಿಸಿದಳು. ಎಡಗಡೆ ಬಂದಾಗ ಅದು ಕೂಗಿತು. ಮತ್ತೆ ಆಡಿಸಿದಳು, ಮತ್ತೆ ಕೂಗಿತು. ಒಳಗೆ ಏನಿದೆ ಎಂದು ಹಿಂದಿಯಲ್ಲಿ ಕೇಳಿದಳು. ಗದರಲಿಲ್ಲ, ಸುಮ್ಮನೆ ಕೇಳಿದಳು. ಪರದೆಯ ಆಚೆ ಸಾಲಿನಲ್ಲಿ ನಿಂತವರ ಮಾತು ಕೇಳಿಸುತ್ತಿತ್ತು. ಚಲಿಸುವ ರೈಲಿನಲ್ಲಿ ಹತ್ತು ಜನರ ಗುಂಪನ್ನು ಒಬ್ಬರೇ ನಿಭಾಯಿಸುತ್ತಿದ್ದ ಅಕ್ಕಾರ ಬಾಯಿ ಅಲ್ಲಿ ಕಟ್ಟಿಹೋಯಿತು. "ನಾ ಹೋಗಂಗಿಲ್ಲ, ನನ್ನ ಬಿಟ್ಟುಬಿಡ್ರಿ" ಎಂದರಂತೆ. ಹಿರಿಯ ಅಧಿಕಾರಿ ಹೆಣ್ಣುಮಗಳೊಬ್ಬಳು ಬಂದಳು. ಅವಳೆದುರಿಗೆ ಮರೆಯಲ್ಲೇ ದಿಂಬನ್ನು ತೆಗೆದು ತೋರಿಸಿದ್ದಾಯಿತು. ಅವಳು ನೋಡಿ, ಸರಿ, ನೀವು ಹೋಗಬಹುದು ಎಂದರೂ ಅಕ್ಕಾರಿಗೆ ಹೋಗುವ ಮನಸ್ಸು ಉಳಿದಿರಲಿಲ್ಲ. ತಿರುಗಿ ಬಂದುಬಿಟ್ಟರು.

ತಂಗಿಗೆ ಫೋನ್ ಮಾಡಿ ಹೊಟ್ಟೆನೋವು ಎಂದರು. ತಂಗಿ, ಮತ್ತೆ ಕಲ್ಲು ಆಗಿರಬೇಕು ಎಂದು ಯಾವುದೋ ಕಷಾಯದ ಪುಡಿಯನ್ನು ಪಾರ್ಸೆಲ್ ಮಾಡಿದರು. ಅಂಥ ಪುಡಿಗಳು ಮೊದಲಿನಿಂದಲೂ ಬರುತ್ತಲೇ ಇದ್ದವಂತೆ.

ನನಗೆ ಆ ವಾರವೆಲ್ಲ ಊಟ ರುಚಿಸಲಿಲ್ಲ. ಉಕ್ಕಿಗೆ ಯಂತ್ರ ಕೂಗುತ್ತದೆ ಎನ್ನುವುದು ಸಣ್ಣ ಮಗುವಿಗೂ ಗೊತ್ತು. ನನಗೇಕೆ ಹೊಳೆಯಲಿಲ್ಲ? ಅಕ್ಕಾರು ನನ್ನನ್ನು ಬೈಯಲಿಲ್ಲ, ಅದೇ ಹೆಚ್ಚು ಚುಚ್ಚಿತು.

ಹೀಗಿರುವಾಗ ಬೀದರಿನ ಹುಡುಗಿ ಅಂಗಡಿಗೆ ಬಂದಳು. ಇವಳು ವಿಮಾನ ನಿಲ್ದಾಣದ ಭದ್ರತಾ ಪಡೆಯವಳು, ಬೀದರ ಹತ್ತಿರದ ಹಳ್ಳಿಯವಳು. ಹಿಂದೊಮ್ಮೆ ಇದೇ ಬೀದಿಯಲ್ಲಿ ಹೋಗುವಾಗ, ನಾನು ಫೋನಿನಲ್ಲಿ ಕನ್ನಡದಲ್ಲಿ ಯಾರನ್ನೋ ಬೈಯುವುದನ್ನು ಕೇಳಿ ಒಳಗೆ ಬಂದಿದ್ದಳು. ಅಂದಿನಿಂದ ಅವಳ ಸಮವಸ್ತ್ರದ ಪ್ಯಾಂಟುಗಳ ಉದ್ದ, ಸೊಂಟ ಸರಿಪಡಿಸುವುದು ನನ್ನ ಕೆಲಸ. ಆ ದಿನವೂ ಎರಡು ಪ್ಯಾಂಟು ತಂದಿದ್ದಳು. ನಾನು ಹೆಸರು ಹೇಳದೆ, ಇಂಥದೊಂದು ಆದರೆ ಏನು ಮಾಡಬೇಕಮ್ಮ ಎಂದು ಕೇಳಿದೆ.

ಅವಳು ಪ್ಯಾಂಟನ್ನು ಮೇಜಿನ ಮೇಲೆ ಇಟ್ಟು ಕುರ್ಚಿ ಎಳೆದುಕೊಂಡಳು. "ಅಕ್ಕಾ, ಹಿಂಗಾಗಿದ್ದು ನಾನೂ ಕೇಳೀನಿ, ಅವತ್ತು ನನ್ನ ಡ್ಯೂಟಿ ಇರಲಿಲ್ಲ. ಆದ್ರ ಇಂಥವ್ರು ಬರ್ತಾ ಇರ್ತಾರ. ಪಾಪ, ಅವ್ರು ಹೆದರ್ತಾರ, ನಮಗೂ ಸಂಕಟ ಆಗ್ತದ. ಅವ್ರನ್ನ ಇಲ್ಲಿಗಿ ಕರೀರಿ. ನಾ ಹೇಳ್ತೀನಿ."

ಅಕ್ಕಾರನ್ನು ಒಪ್ಪಿಸುವುದು ಸುಲಭವಾಗಲಿಲ್ಲ. ನಿನಗೆ ಹೇಳಿದ್ದೇ ತಪ್ಪಾಯಿತು ಎಂದರು. ಹೆಸರು ಹೇಳಿಲ್ಲ ಎಂದು ಆಣೆ ಮಾಡಿದೆ. ಕೊನೆಗೆ ಒಂದು ಭಾನುವಾರ ಮಧ್ಯಾಹ್ನ ಬಂದರು. ಕೂಲರ್ ಹಾಕಿ, ಬಾಗಿಲು ಮುಂದೆ ಮಾಡಿ, ಮೂವರೂ ಕೂತೆವು. ಅಕ್ಕಾರು ಹುಡುಗಿಯನ್ನು ಮೇಲಿನಿಂದ ಕೆಳಗೆ ಒಮ್ಮೆ ನೋಡಿದರು.

"ನೀವು ಎಲ್ಲಾರ ಮೈ ಮುಟ್ಟಿ ಮುಟ್ಟಿ ನೋಡ್ತೀರಲ್ಲ, ನಿಮಗ ಏನೂ ಅನಸೂದಿಲ್ಲೇನ?"

"ಅನಸ್ತದ್ರಿ. ದಿನಾ ನೂರಾರು ಮಂದಿ. ಯಾರೂ ನಮಗ ನಕ್ಕೋತ ನೋಡಂಗಿಲ್ಲ. ನಾವ ಕಳ್ಳರು ಅನ್ನೂ ಹಂಗ ನೋಡ್ತಾರ."

"ಮತ್ತ ಆ ಯಂತ್ರ ಕೂಗಿದ್ರೂ ಬಿಡಬೇಕವಾ. ವಯಸ್ಸಾದಾಕಿ, ಏನ ಒಯ್ತಾಳ ಅಂತ ತಿಳೀಬೇಕು."

"ಅದು ಬರಂಗಿಲ್ರಿ ಅಮ್ಮಾರ. ಯಂತ್ರಕ್ಕ ಬರೇ ಕೂಗಲಕ್ಕ ಬರ್ತದ, ಯಾಕ ಅಂತ ಹೇಳಲಕ್ಕ ಬರಂಗಿಲ್ಲ. ಯಾಕ ಅಂತ ಗೊತ್ತಾಗೋ ತನಕ ನಾ ಯಾರನ್ನೂ ಬಿಡಂಗಿಲ್ಲ. ನೀವು ಹೇಳಿದ್ದು ನಂಬೂದು ನನ್ನ ಕೆಲಸ ಅಲ್ಲ, ನೋಡೂದು ನನ್ನ ಕೆಲಸ."

ನಾನು ಇನ್ನೇನು ಜಗಳ ಆಯಿತು ಎಂದುಕೊಂಡೆ. ಆದರೆ ಅಕ್ಕಾರ ಮುಖ ತಟ್ಟನೆ ಬದಲಾಯಿತು.

"ಇದು ಬರೋಬರ್," ಎಂದರು. "ಪಾಸ್ ಮನ್ಯಾಗ ಮರ್ತು ಬಂದೀನಿ ಅಂದವರನ್ನ ನಾನೂ ಒಬ್ಬರನ್ನ ನಂಬಿಲ್ಲ."

ಅಲ್ಲಿಂದ ಇಬ್ಬರ ನಡುವೆ ಮಾತು ಹೊಳೆಯಂತೆ ಹರಿಯಿತು. ಶೌಚಾಲಯದಲ್ಲಿ ಅಡಗಿದವರನ್ನು ಅಕ್ಕಾರು ಹೊರಗೆ ತರುತ್ತಿದ್ದದ್ದು ಹೇಗೆ, ಉಪ್ಪಿನಕಾಯಿ ಭರಣಿಯನ್ನು ಕೈಚೀಲದಲ್ಲಿ ಒಯ್ಯಲು ಬಿಡಲಿಲ್ಲವೆಂದು ಒಬ್ಬಾಕೆ ಅಲ್ಲೇ ಕೂತು ಅರ್ಧ ಭರಣಿ ತಿಂದದ್ದು, ಎಲ್ಲ ಬಂತು. ನಾನು ಎರಡು ಸಲ ಚಹಾ ಮಾಡಿದೆ.

ಆಮೇಲೆ ಹುಡುಗಿ ವಿಷಯಕ್ಕೆ ಬಂದಳು. ಪರದೆಯ ಒಳಗೆ ಹೋದ ಕೂಡಲೇ, ಯಂತ್ರ ಹಿಡಿಯುವ ಮೊದಲೇ, ಮೆಲ್ಲಗೆ ಒಂದೇ ಮಾತು ಹೇಳಿಬಿಡಿ ಎಂದಳು: ನನಗೆ ಆಪರೇಷನ್ ಆಗಿದೆ, ಎಡಗಡೆ ಬಟ್ಟೆಯ ದಿಂಬು ಇದೆ. ಆಸ್ಪತ್ರೆಯ ಕಾಗದ ಇದ್ದರೆ ಮಡಚಿ ಕೈಯಲ್ಲಿ ಇಟ್ಟುಕೊಳ್ಳಿ. ಇನ್ನೂ ಮರೆ ಬೇಕೆನಿಸಿದರೆ ಬೇರೆ ಕೋಣೆ ಕೇಳಿ, ಕೇಳುವುದರಲ್ಲಿ ತಪ್ಪಿಲ್ಲ. "ನೋಡೂದು ನಮ್ಮ ಕೆಲಸ ಖರೆ, ಆದ್ರ ನೋಡೂದಕ್ಕೂ ಒಂದು ರೀತಿ ಅದ ಅಲ್ರಿ."

ಅಕ್ಕಾರಿಗೆ ಇನ್ನೊಂದು ಭಯವಿತ್ತು. ಮೈಯನ್ನೇ ನೋಡುವ ಹೊಸ ಯಂತ್ರಗಳು ಬರುತ್ತವಂತೆ, ಅದರೊಳಗೆ ನಿಂತರೆ ಬಟ್ಟೆಯಿಲ್ಲದ ಮೈ ಟಿ.ವಿ.ಯಲ್ಲಿ ಬರುತ್ತದಂತೆ ಎಂದು ಯಾರೋ ಹೇಳಿದ್ದರು.

"ಇಲ್ರಿ ಅಮ್ಮಾರ. ನನಗ ಟ್ರೇನಿಂಗ್‌ದಾಗ ತೋರಿಸ್ಯಾರ. ಪರದೆ ಮ್ಯಾಲ ಒಂದು ಗೊಂಬಿ ಬರ್ತದ. ಎಲ್ಲಾರಿಗೂ ಅದೇ ಗೊಂಬಿ. ಎಲ್ಲಿ ಏನರ ಅದ, ಅಲ್ಲಿ ಒಂದು ಚೌಕ ಮೂಡ್ತದ. ಅಷ್ಟೇ."

"ಎಲ್ಲಾರಿಗೂ ಒಂದ ಗೊಂಬಿ? ನನಗೂ ಸಿನಿಮಾ ನಟಿಗೂ?"

"ಹೌದ್ರಿ."

"ಹಂಗಾರ ಅಡ್ಡಿ ಇಲ್ಲ. ಬರ್ಲಿ ಯಂತ್ರ."

ನಾನೂ ಒಂದು ಕೇಳಿದೆ. ಇಡೀ ದಿನ ಪರದೆಯ ಮುಂದೆ ಕೂತು ಎಲ್ಲರ ಚೀಲದ ಒಳಗನ್ನು ನೋಡುತ್ತೀಯಲ್ಲ, ರಾತ್ರಿ ಅವೆಲ್ಲ ಕಣ್ಣಿಗೆ ಕಟ್ಟುವುದಿಲ್ಲವೇ ಎಂದೆ.

"ಟೋಪಿ ತೆಗದ ಕೂಡ್ಲೇ ಮರೀತೀನಿ ಅಕ್ಕಾ. ಮರೀಲಿಲ್ಲಂದ್ರ ಮಂದಿ ಮುಖ ನೋಡಲಕ್ಕಾಗಂಗಿಲ್ಲ."

ಅಕ್ಕಾರು ಎದ್ದು, "ಹಂಗಾರ ಒಂದ ಸಲ ಮಾಡಿ ನೋಡೇ ಬಿಡೂಣು" ಎಂದರು. ನನ್ನ ಮರದ ಅಡಿಪಟ್ಟಿ ತಪಾಸಣೆಯ ಯಂತ್ರವಾಯಿತು, ಅಳತೆ ನೋಡುವ ಪರದೆ ವಿಮಾನ ನಿಲ್ದಾಣದ ಪರದೆಯಾಯಿತು, ಕೂಗುವ ಕೆಲಸ ನನಗೆ ಬಂತು. ಹುಡುಗಿ ಅಡಿಪಟ್ಟಿ ಆಡಿಸಿದಾಗ ನಾನು ಹೊರಗಿನಿಂದ ಪೀಂ ಎನ್ನಬೇಕು. ಮೊದಲ ಸಲ ಅಕ್ಕಾರು ಮೆಲ್ಲಗೆ ಹೇಳಬೇಕಾದ ಮಾತನ್ನು, ಪ್ಲಾಟ್‌ಫಾರ್ಮಿನ ಆ ತುದಿಗೆ ಕೇಳುವ ದನಿಯಲ್ಲಿ ಹೇಳಿದರು. ಎರಡನೆಯ ಸಲ ದನಿ ಇಳಿಯಿತು, ಮಾತು ಅರ್ಧಕ್ಕೆ ನಿಂತಿತು. ನಾನು ಕೂಗುವುದನ್ನು ನಿಲ್ಲಿಸಿದೆ. ಐದನೆಯದೋ ಆರನೆಯದೋ ಸಲಕ್ಕೆ ಆ ಒಂದು ವಾಕ್ಯ, ಹಿಂದಿಯಲ್ಲಿ, ತಡೆಯಿಲ್ಲದೆ ಬಂತು.

ಹೊರಡುವಾಗ ಹುಡುಗಿ ಹೇಳಿದಳು, "ಅಲ್ಲಿ ನಾ ಕಂಡ್ರೂ ಮಾತಾಡ್ಸಂಗಿಲ್ಲ ನೋಡ್ರಿ. ಸಿಟ್ಟಾಗಬ್ಯಾಡ್ರಿ."

"ನಮ್ಮ ಮಾವನ ಮಗನಿಗೂ ದಂಡ ಹಾಕಿದಾಕಿ ನಾನು," ಎಂದರು ಅಕ್ಕಾರು. "ನಾ ಯಾಕ ಸಿಟ್ಟಾಗ್ಲಿ?"

ಇನ್ನು ದಿಂಬಿನ ಕೆಲಸ. ಲೋಹ ಬೇಡ, ಕಾಳು ಬೇಡ. ಹಳೇ ನಾಗಪುರದ ಮಹಾಲ್ ಬಡಾವಣೆಯ ಇಕ್ಕಟ್ಟಾದ ಗಲ್ಲಿಗಳಲ್ಲಿ ಎರಡು ದಿನ ಅಲೆದೆ. ಕಸೂತಿಯ ಸಾಮಾನು ಮಾರುವ ಹಳೆಯ ಅಂಗಡಿಯೊಂದರಲ್ಲಿ ರಾಗಿಯಷ್ಟು ಸಣ್ಣ ಗಾಜಿನ ಮಣಿಗಳನ್ನು ಕಂಡೆ. ಒಂದು ಹಿಡಿ ಅಂಗೈಯಲ್ಲಿ ಹಾಕಿಕೊಂಡರೆ ಒಳ್ಳೆಯ ತೂಕ. ಅಂಗಡಿಯಾತ, ಲೆಹೆಂಗಾಕ್ಕೋ ಬ್ಲೌಸಿಗೋ ಎಂದು ಕೇಳಿದ. ಬ್ಲೌಸಿಗೆ ಎಂದೆ. ಹಾಗಾದರೆ ಹೊಳೆಯುವ ಬಣ್ಣ ತೆಗೆದುಕೊಳ್ಳಿ, ಎದ್ದು ಕಾಣುತ್ತದೆ ಎಂದ. ನಾನು ಬಿಳಿಯದನ್ನೇ ತಂದೆ. ನಾಲ್ಕು ಸಣ್ಣ ಚೀಲ ಮಾಡಿ, ಮಣಿ ತುಂಬಿ, ಹತ್ತಿಯ ನಡುವೆ ಇಟ್ಟು ಹೊಲಿದೆ. ರವಿಕೆಗೆ ಹುಕ್ಕಿನ ಬದಲು ಬಟ್ಟೆಯ ಗುಂಡಿ ಹಾಕಿದೆ. ಬೀದರಿನ ಹುಡುಗಿ ದಿಂಬನ್ನು ಒತ್ತಿ ನೋಡಿ, ಗಾಜಿಗೆ ಯಂತ್ರ ಕೂಗುವುದಿಲ್ಲ, ಆದರೆ ಕೈಗೆ ಹತ್ತುತ್ತದೆ, ಆ ಮಾತು ಹೇಳುವುದನ್ನು ಮಾತ್ರ ಬಿಡಬೇಡಿ ಎಂದಳು.

ದಸರೆಗೆ ಬೆಂಗಳೂರಿಗೆ ಹೋಗುವುದೆಂದಾಯಿತು. "ಹೊಲದಾಕಿ ನೀನು. ನೀನೂ ಬಾ," ಎಂದು ಅಕ್ಕಾರು ಹಟ ಹಿಡಿದರು. ನಾನೂ ವಿಮಾನ ಹತ್ತಿದವಳಲ್ಲ. ಮನೆಯವರು, ಹೋಗಿ ಬಾ, ಒಂದು ವಾರ ನಾನು ಖಾರದ ಸಾರು ಹಾಕಿದ ಅವಲಕ್ಕಿ, ಇಲ್ಲಿಯ ತರ್ರಿ ಪೋಹಾ, ತಿಂದುಕೊಂಡು ಸುಖವಾಗಿರುತ್ತೇನೆ ಎಂದರು.

ಸೀತಾಬರ್ಡಿಯಲ್ಲಿ ಮೆಟ್ರೊ ಬದಲಿಸಿ ಹೊರಟೆವು. ವಿಮಾನ ನಿಲ್ದಾಣದ ಬಾಗಿಲಲ್ಲೇ ಒಬ್ಬ ಹೆಣ್ಣುಮಗಳು, ನಿಮ್ಮ ಮುಖವನ್ನು ನೋಂದಾಯಿಸಿದರೆ ಕಾಗದ ತೋರಿಸಬೇಕಿಲ್ಲ, ಯಂತ್ರವೇ ಗುರುತು ಹಿಡಿದು ಬಾಗಿಲು ತೆರೆಯುತ್ತದೆ ಎಂದಳು. ನನಗೆ ಆ ಬಾಗಿಲು ತಾನೇ ತೆರೆಯುವುದನ್ನು ನೋಡುವ ಆಸೆ. ಅಕ್ಕಾರು ಆಕೆಯನ್ನೇ ತಪಾಸಣೆ ಮಾಡಲು ಶುರುಮಾಡಿದರು. ಫೋಟೊ ಎಲ್ಲಿಗೆ ಹೋಗುತ್ತದೆ, ಎಷ್ಟು ದಿನ ಇಡುತ್ತಾರೆ, ಯಾರು ಅಳಿಸುತ್ತಾರೆ, ಬೇಡವೆಂದರೆ ಏನು? ಆಕೆ ತಾಳ್ಮೆಯಿಂದ ಉತ್ತರ ಕೊಟ್ಟು, ಬೇಡವೆಂದರೆ ಆ ಕಡೆಯ ಸಾಲು ಇದೆ, ಒತ್ತಾಯವಿಲ್ಲ ಎಂದಳು.

"ಮುಖ ತೋರಸ್ತೀನಿ, ಕೊಡೂದಿಲ್ಲ," ಎಂದು ಅಕ್ಕಾರು ಕನ್ನಡದಲ್ಲಿ ನನಗೆ ಹೇಳಿ, ಕಾಗದದ ಸಾಲಿಗೆ ನಡೆದರು. ನಾನೂ ಹಿಂದೆ ಹೋದೆ.

ತಪಾಸಣೆಯ ಜಾಗದಲ್ಲಿ ಬೀದರಿನ ಹುಡುಗಿ ಚೀಲದ ಯಂತ್ರದ ಪರದೆಯ ಮುಂದೆ ಕೂತಿದ್ದಳು. ನಮ್ಮ ಕಡೆ ತಲೆ ಎತ್ತಲಿಲ್ಲ. ಹೆಂಗಸರ ಸಾಲು ಸರಿಯಿತು. ಅಕ್ಕಾರು ನನ್ನ ಕೈಯನ್ನು ಒಮ್ಮೆ ಗಟ್ಟಿಯಾಗಿ ಹಿಡಿದು, ಬಿಟ್ಟು, ಒಳಗೆ ಹೋದರು. ನಾನು ಹೊರಗೆ ಕಿವಿಗೊಟ್ಟು ನಿಂತೆ. ಅವರ ಆ ವಾಕ್ಯ ಪಿಸುದನಿಯಲ್ಲಿ ಕೇಳಿಸಿತು. ಒಳಗಿದ್ದಾಕೆ, "ಠೀಕ್ ಹೈ ಮಾಜೀ" ಎಂದಳು. ಯಂತ್ರ ಕೂಗಲಿಲ್ಲ. ಒಂದು ನಿಮಿಷವೂ ಆಗಿರಲಿಕ್ಕಿಲ್ಲ, ಆ ಬದಿಯಿಂದ ಅಕ್ಕಾರು ಸೆರಗು ಸರಿಮಾಡಿಕೊಳ್ಳುತ್ತ ಹೊರಬಂದರು. ಹೊಸದಾಗಿ ನೌಕರಿಗೆ ಸೇರಿದವರ ಹಾಗೆ ಮುಖ ಅರಳಿತ್ತು.

ಆಮೇಲೆ ನನ್ನ ಸರದಿ. ಮುಚ್ಚಿಡುವುದೇನೂ ಇಲ್ಲದ ನಾನು ನಿಶ್ಚಿಂತೆಯಿಂದ ಕೈ ಚಾಚಿದೆ. ಯಂತ್ರ ಎದೆಯ ಹತ್ತಿರ ಬಂದಾಗ ಪೀಂ!

ಏನಿದೆ ಎಂದು ಆಕೆ ಕೇಳಿದಳು. ಏನೂ ಇಲ್ಲ ಎಂದೆ. ಮತ್ತೆ ಪೀಂ. ತಪ್ಪು ಮಾಡದವಳಿಗೂ ಅಲ್ಲಿ ಹೇಗೆ ಹೆದರಿಕೆಯಾಗುತ್ತದೆ ಎನ್ನುವುದು ನನಗೆ ಆಗ ತಿಳಿಯಿತು. ಸಾಲಿನವರೆಲ್ಲ ನನ್ನ ಬಗ್ಗೆಯೇ ಯೋಚಿಸುತ್ತಿದ್ದಾರೆ ಎನಿಸಿತು. ಆಗ ನೆನಪಾಯಿತು. ನಾನು ಊರಲ್ಲಿಲ್ಲದಾಗ ಯಾರೂ ನನ್ನ ಹೊಲಿಗೆ ಯಂತ್ರ ಮುಟ್ಟಬಾರದೆಂದು ಹೊರಡುವ ಮೊದಲು ಅದರ ಕೆಳದಾರ ಕೂರುವ ಉಕ್ಕಿನ ಬಾಬಿನ್ ಕೇಸ್ ತೆಗೆದು, ಕರವಸ್ತ್ರದಲ್ಲಿ ಕಟ್ಟಿ, ರವಿಕೆಯೊಳಗೆ ಸಿಕ್ಕಿಸಿಕೊಂಡಿದ್ದೆ. ಸೆರಗಿನ ಅಂಚಿಗೆ ಚುಚ್ಚಿದ ಎರಡು ಸೂಜಿಗಳೂ ಹಾಗೇ ಇದ್ದವು.

ಅದನ್ನು ತೆಗೆದು ಕೊಟ್ಟೆ. ಆಕೆ ಅಂಗೈಯಲ್ಲಿಟ್ಟು ತಿರುಗಿಸಿ ನೋಡಿದಳು. ನನ್ನ ಹಿಂದಿ ಕೈಕೊಟ್ಟಿತು. "ಮಶೀನ್ ಕಾ... ಬಾಬಿನ್... ಮೇರಾ ಮಶೀನ್..." ಎನ್ನುತ್ತ ಹೊಲಿಯುವಂತೆ ಕೈಕಾಲು ಆಡಿಸಿ ತೋರಿಸಿದೆ. ಆಕೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕಳು. ತನ್ನ ತಾಯಿಯೂ ಊರಿಗೆ ಹೋಗುವಾಗ ಹೀಗೇ ಮಾಡುತ್ತಿದ್ದರಂತೆ. ಅದನ್ನು ಟ್ರೇಯಲ್ಲಿ ಹಾಕಿ ಚೀಲದ ಯಂತ್ರದೊಳಗೆ ಕಳಿಸಿದರು, ಸೂಜಿಗಳನ್ನು ಅಲ್ಲೇ ಇಟ್ಟುಕೊಂಡರು.

ಹೊರಗೆ ಬಂದರೆ ಅಕ್ಕಾರು ಸೊಂಟಕ್ಕೆ ಕೈಯಿಟ್ಟು ನಿಂತಿದ್ದರು. "ಏನವಾ, ಟಿಕೆಟ್ ಇಲ್ಲದ ಹತ್ತಿದ್ದೇನ?" ಎಂದರು. ವಿಮಾನ ಏರುವವರೆಗೂ ಅವರ ನಗು ನಿಲ್ಲಲಿಲ್ಲ.

ಬೆಂಗಳೂರಿನಲ್ಲಿ ಅವರ ತಂಗಿ ಪ್ರೀತಿಯಿಂದ ನೋಡಿಕೊಂಡರು. ಎರಡನೆಯ ದಿನ ಸಂಜೆ ಮೂವರೂ ಬಾಲ್ಕನಿಯಲ್ಲಿ ಚಹಾ ಕುಡಿಯುತ್ತಿದ್ದಾಗ, ಅಕ್ಕಾರು ಯಾವ ಪೀಠಿಕೆಯೂ ಇಲ್ಲದೆ, "ನನಗ ಆಗಿದ್ದು ಕಲ್ಲಿನ ಆಪರೇಷನ್ ಅಲ್ಲ," ಎಂದು ಶುರುಮಾಡಿ ಎಲ್ಲ ಹೇಳಿದರು. ನಾನು ಎದ್ದು ಹೋಗಲು ನೋಡಿದೆ. ಕೂಡು ಎಂದರು. ಪರದೆಯ ಹಿಂದೆ ಗುರುತಿಲ್ಲದವಳಿಗೆ ಹೇಳಿದ ಮಾತು ಒಡಹುಟ್ಟಿದವಳಿಗೆ ಹೇಳುವಾಗ ಹಗುರವಾಗಿರಬೇಕು, ಅವರ ದನಿ ಒಮ್ಮೆಯೂ ತಡವರಿಸಲಿಲ್ಲ. ತಂಗಿ ಅಕ್ಕನ ಕೈ ಹಿಡಿದುಕೊಂಡು ತುಂಬ ಹೊತ್ತು ಅತ್ತರು. ಆಮೇಲೆ ಮೂಗು ಒರೆಸಿಕೊಂಡು ಕೇಳಿದರು:

"ಹಂಗಾರ ನಾ ಇಷ್ಟು ವರ್ಷ ಕಳಿಸಿದ ಔಷಧ ಏನ ಮಾಡಿದಿ?"

"ತುಳಸಿ ಗಿಡಕ್ಕ ಹಾಕೇನಿ. ಅದಕ್ಕ ಒಂದೂ ಕಲ್ಲಾಗಿಲ್ಲ ನೋಡು."

ಈಗ ಅಕ್ಕಾರು ತಿಂಗಳಿಗೊಮ್ಮೆ ತೋರಿಸಿಕೊಳ್ಳಲು ಹೋಗುವ ಆಸ್ಪತ್ರೆಯಿಂದಲೇ ಒಬ್ಬಿಬ್ಬರನ್ನು ನನ್ನ ಬಳಿಗೆ ಕಳಿಸುತ್ತಾರೆ. ಬಂದವರಿಗೆ ನಾನು ದಿಂಬು ಹೊಲಿದು ಕೊಡುತ್ತೇನೆ, ಅಕ್ಕಾರು ಭಾನುವಾರ ಬಂದು ಅಡಿಪಟ್ಟಿ ಹಿಡಿದು ಅಭ್ಯಾಸ ಮಾಡಿಸುತ್ತಾರೆ. ಅವರು ಬೀದರಿನ ಹುಡುಗಿಗಿಂತ ಕಟ್ಟುನಿಟ್ಟು.

ಕಳೆದ ವಾರ ಒಬ್ಬ ಹಿರಿಯರು ಬಂದಿದ್ದರು, ಗಂಡಸರು. ಹೆಂಗಸರೆಲ್ಲ ಹೋಗುವವರೆಗೆ ಹೊರಗೆ ಸ್ಕೂಟರಿನ ಹತ್ತಿರ ನಿಂತಿದ್ದು, ಆಮೇಲೆ ಮೆಲ್ಲಗೆ ಒಳಗೆ ಬಂದರು. ಕರುಳಿನ ಆಪರೇಷನ್ ಆಗಿ ಹೊಟ್ಟೆಯ ಪಕ್ಕಕ್ಕೆ ಮಲ ಬಂದು ಸೇರುವ ಒಂದು ಚೀಲ ಹಾಕಿದ್ದಾರೆ, ಮಗಳ ಮನೆಗೆ ವಿಮಾನದಲ್ಲಿ ಹೋಗಬೇಕು, ಅದರ ಮೇಲೆ ಸುತ್ತಿಕೊಳ್ಳಲು ಮೆತ್ತನೆಯ ಪಟ್ಟಿ ಹೊಲಿದುಕೊಡುತ್ತೀರಾ ಎಂದು ಮರಾಠಿಯಲ್ಲಿ ಕೇಳಿದರು. ಗಂಡಸರ ಬಟ್ಟೆ ನಾನು ಹೊಲಿಯುವುದಿಲ್ಲ ಎನ್ನುವುದು ಬಾಯಿಯವರೆಗೆ ಬಂದಿತ್ತು. ಬದಲಿಗೆ, ಅಂಗಿಯ ಮೇಲಿನಿಂದಲೇ ಅಳತೆ ತೆಗೆಯುತ್ತೇನೆ, ಕೂತುಕೊಳ್ಳಿ ಎಂದೆ. ಅವರು ಕೂತರು. ನಾನು ಮೊದಲು ಬಾಗಿಲು ಹಾಕಿದೆ.